ಎಡಗಡೆ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನವನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಸ್ಟೀರಿಂಗ್ ಮಾತ್ರ ಇರುವುದಿಲ್ಲ. ಮೊದಲು ಕೆ.ಆರ್. ಪೇಟೆಯಲ್ಲಿ, ಆಮೇಲೆ ಪಾಂಡವಪುರದಲ್ಲಿ ನನ್ನ ಕೆಲಸದ ವರ್ಷಗಳೆಲ್ಲ ಆ ಸೀಟಿನಲ್ಲೇ ಕಳೆದವು. ಬಲಗಡೆ ಕೂರುವವರು ಬದಲಾಗುತ್ತಿದ್ದರು. ಚಿನಕುರಳಿಯ ರೇಷ್ಮೆ ಬೆಳೆಗಾರ, ಬೂಕನಕೆರೆಯ ಸ್ಕೂಲ್ ಟೀಚರ್, ದೇವಲಾಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ಕ್ಯಾಬ್ ಓಡಿಸಬೇಕೆಂದಿದ್ದ ಹುಡುಗರು, ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟಿದ್ದವರು, ರಿಟೈರ್ ಆದ ಮೇಲೆ ಕಾರು ಕೊಂಡ ಮೇಷ್ಟ್ರುಗಳು. ಎಲ್ಲರೂ ಮೊದಲ ದಿನ ಬಾನೆಟ್ಟನ್ನೇ ನೋಡುತ್ತಿದ್ದರು. ಎಲ್ಲರಿಗೂ ನಾನು ಹೇಳುತ್ತಿದ್ದ ಮೊದಲ ಮಾತೂ ಅದೇ: ‘ಬಾನೆಟ್ ಎಲ್ಲೂ ಹೋಗಕಿಲ್ಲ, ದೂರ ನೋಡಿ.’

ಕಲಿಯುವಾಗ ಮಾಡುವ ತಪ್ಪುಗಳಿಂದ ಜೀವ ಹೋಗುವುದು ಕಡಿಮೆ. ಗಾಡಿ ಜರ್ಕ್ ಹೊಡೆದು ಆಫ್ ಆಗುತ್ತದೆ, ಎರಡನೇ ಗೇರಿನ ಬದಲು ನಾಲ್ಕಕ್ಕೆ ಬೀಳುತ್ತದೆ, ಹಿಂದಿನವನು ಹಾರನ್ ಬಜಾಯಿಸುತ್ತಾನೆ, ಅಷ್ಟೆ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ಒಂದು ರೋಗ. ಅದರಿಂದ ಕ್ಲಚ್ ಪ್ಲೇಟು ಬೇಗ ಸವೆದು ಗ್ಯಾರೇಜಿನವನಿಗೆ ಲಾಭವಾಗುತ್ತದೆಯೇ ಹೊರತು ಯಾರೂ ಆಸ್ಪತ್ರೆ ಸೇರುವುದಿಲ್ಲ. ನನಗೆ ಭಯ ಹುಟ್ಟುತ್ತಿದ್ದುದು ಲೈಸೆನ್ಸ್ ಬಂದು ಆರು ತಿಂಗಳಾದ ಮೇಲೆ ದಾರಿಯಲ್ಲಿ ಸಿಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕಂಡಾಗ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ಕಿಟಕಿಯ ಹೊರಗೆ, ಮೊಬೈಲು ಭುಜಕ್ಕೂ ಕಿವಿಗೂ ನಡುವೆ. ಕೇಳಿದರೆ ‘ಇದೇ ರೋಡಲ್ವಾ ಸಾ, ಕಣ್ಮುಚ್ಕೊಂಡ್ ಓಡಿಸ್ತೀನಿ’ ಅನ್ನುತ್ತಿದ್ದರು. ಮೈಸೂರಿನ ದಸರಾ ಟ್ರಾಫಿಕ್ಕಿನಲ್ಲಿ ಇವರೇ ಎರಡು ಕೈಯಲ್ಲಿ ಸ್ಟೀರಿಂಗ್ ಹಿಡಿದು ಬೆವರುತ್ತಾರೆ. ಮನೆಯಿಂದ ಡೇರಿಗೆ, ತೋಟಕ್ಕೆ, ಮಾವನ ಮನೆಗೆ ಹೋಗುವ ದಾರಿಯಲ್ಲಿ ಎಚ್ಚರ ಸಡಿಲವಾಗುತ್ತದೆ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಗೊತ್ತಿಲ್ಲದ ಊರಿನವಲ್ಲ, ಚೆನ್ನಾಗಿ ಗೊತ್ತಿದ್ದ ರಸ್ತೆಯವು.

ಇಂಡಿಕೇಟರಿನ ವಿಷಯಕ್ಕೆ ಬರೋಣ. ಜಕ್ಕನಹಳ್ಳಿಯಲ್ಲಿ ಮೇಲುಕೋಟೆಗೆ ತಿರುಗುವ ಜಾಗದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಮ್ಮವರು ಇಂಡಿಕೇಟರಿಗೆ ಕೊಟ್ಟಿರುವ ಅರ್ಥಗಳೆಲ್ಲ ತಿಳಿಯುತ್ತವೆ. ಕೆಲವರು ತಿರುಗಿ ಮುಗಿದ ಮೇಲೆ ಹಾಕುತ್ತಾರೆ. ಕೆಲವರು ಹಾಕಿದ್ದನ್ನು ತೆಗೆಯುವುದೇ ಇಲ್ಲ. ‘ನಾನು ನೇರ ಹೋಗ್ತೀನಿ’ ಎಂದು ಸೂಚಿಸಲು ನಾಲ್ಕೂ ದೀಪ ಒಟ್ಟಿಗೆ ಮಿಣುಕಿಸುವುದು ಎಲ್ಲಿಂದ ಬಂತೋ, ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದರಿಂದಾಗುವ ಅನಾಹುತ ಹೀಗೆ: ಎಡಗಡೆಯಿಂದ ಬರುವವನಿಗೆ ನಿಮ್ಮ ಎಡದ ದೀಪ ಮಾತ್ರ ಕಾಣುತ್ತದೆ. ನೀವು ಎಡಕ್ಕೆ ತಿರುಗುತ್ತೀರಿ ಎಂದುಕೊಂಡು ಅವನು ನುಗ್ಗುತ್ತಾನೆ. ಆ ನಾಲ್ಕು ದೀಪ ಇರುವುದು ಗಾಡಿ ಕೆಟ್ಟು ನಿಂತಾಗ ಹಾಕುವುದಕ್ಕೆ. ನೇರ ಹೋಗುವವನು ಏನನ್ನೂ ಹಾಕಬೇಕಾಗಿಲ್ಲ.

ಲಾರಿಯವರ ಬಲಗಡೆ ಇಂಡಿಕೇಟರ್ ಇನ್ನೊಂದು ಒಗಟು. ‘ಓವರ್‌ಟೇಕ್ ಮಾಡ್ಕೊ’ ಎಂದು ಹಾಕುವವರಿದ್ದಾರೆ, ‘ಎದುರಿಗೆ ಗಾಡಿ ಬರ್ತಿದೆ, ತಡಿ’ ಎಂದು ಹಾಕುವವರಿದ್ದಾರೆ, ನಿಜವಾಗಿ ಬಲಕ್ಕೆ ತಿರುಗುವವರೂ ಇದ್ದಾರೆ. ಮೂರರಲ್ಲಿ ಯಾವುದೆಂದು ಹಿಂದಿನವನು ಊಹಿಸಬೇಕು. ನಾನು ಕಲಿಸುತ್ತಿದ್ದುದು ಇಷ್ಟು: ಮುಂದಿನವನು ಏನೇ ಹೇಳಲಿ, ಎದುರಿನ ರಸ್ತೆ ನಿನ್ನ ಕಣ್ಣಿಗೆ ಕಾಣದೆ ಬಲಕ್ಕೆ ಹೋಗಬೇಡ. ಅವನ ದೀಪ ನಂಬಿ ಹೋದವನಿಗೆ ಡಿಕ್ಕಿಯಾದರೆ ಆ ಲಾರಿಯವನು ಅಲ್ಲಿ ನಿಂತಿರುವುದೂ ಇಲ್ಲ.

ಮೇಲುಕೋಟೆಯ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ವೈರಮುಡಿ ಉತ್ಸವದ ಕಾಲದಲ್ಲಿ ಬೆಟ್ಟದಿಂದ ಇಳಿಯುವ ಗಾಡಿಗಳ ಹಿಂದೆ ಹೋದರೆ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಪೆಟ್ರೋಲ್ ಉಳಿಸುತ್ತೇವೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಸುವವರ ಕೈಚಳಕ ಅದು. ಈಗಿನ ಕಾರುಗಳಲ್ಲಿ ಗೇರಿನಲ್ಲೇ ಇಳಿಯುತ್ತ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ ತಾನಾಗಿಯೇ ಪೆಟ್ರೋಲ್ ನಿಲ್ಲಿಸಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ತಿರುಗುತ್ತಿರಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯ ಸೊನ್ನೆ, ಇಂಜಿನ್ನಿನ ಹಿಡಿತವೂ ಸೊನ್ನೆ, ಭಾರವೆಲ್ಲ ಬ್ರೇಕಿನ ಮೇಲೆ. ಕೀ ತಿರುಗಿಸಿ ಆಫ್ ಮಾಡಿ ಇಳಿಸುವ ಮಹಾನುಭಾವರೂ ಇದ್ದರು. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ಬಲ ಎರಡು ಮೂರು ಸಲ ಒತ್ತುವುದರಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೇ ಲಾರಿ ಡ್ರೈವರುಗಳ ಮಾತಿಗೆ ಇವತ್ತೂ ತಿದ್ದುಪಡಿ ಬೇಕಿಲ್ಲ.

ಹೆಲ್ಮೆಟ್ ಬಗ್ಗೆ ಹೇಳುವುದು ಹೆಚ್ಚಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಎಂದು ಕರ್ನಾಟಕದಲ್ಲಿ ಆದೇಶ ಬಂದದ್ದು 2016ರ ಜನವರಿಯಲ್ಲಿ. ಇವತ್ತಿಗೂ ನಮ್ಮ ಹೆಂಗಸರು ಹೆಲ್ಮೆಟ್ಟನ್ನು ಬ್ಯಾಗಿನಂತೆ ಮೊಣಕೈಗೆ ನೇತುಹಾಕಿಕೊಂಡು ಕೂರುತ್ತಾರೆ, ಪೊಲೀಸರು ಕಂಡಾಗ ತಲೆಗೇರುತ್ತದೆ. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದವನಿಗಿಂತ ಮೊದಲೇ ಹಾರಿ ಹೋಗಿರುತ್ತದೆ. ನನಗೆ ಹೆಚ್ಚು ಕಾಡಿದ್ದು ಸೆರಗು ಮತ್ತು ವೇಲು. ಬೂಕನಕೆರೆಯ ಟೀಚರಿಗೆ ಸ್ಕೂಟರ್ ಕಲಿಸುವಾಗ ಮೊದಲು ಹೇಳಿದ್ದು ಬ್ರೇಕಿನ ಮಾತಲ್ಲ, ‘ಸೆರಗು ಸೊಂಟಕ್ಕೆ ಸಿಕ್ಸ್ಕೊಳಿ ಮೇಡಂ’ ಎಂದು. ಹಿಂದಿನ ಚಕ್ರಕ್ಕೆ ಸೆರಗು ಸುತ್ತಿಕೊಂಡರೆ ಓಡಿಸುವವನಿಗೆ ಗೊತ್ತಾಗುವಷ್ಟರಲ್ಲಿ ಕೂತವಳು ನೆಲದ ಮೇಲಿರುತ್ತಾಳೆ.

ಬೆಳಗಿನ ಜಾವ ಎಕ್ಸೆಲ್ ಮೊಪೆಡ್ ಮೇಲೆ ಡೇರಿಗೆ ಹಾಲು ಒಯ್ಯುವವರು, ಸಂಜೆ ಹಸಿ ಹುಲ್ಲಿನ ಹೊರೆ ತರುವವರು ನಮ್ಮ ರಸ್ತೆಗಳ ನಿಜವಾದ ಮಾಲೀಕರು. ಹುಲ್ಲಿನ ಹೊರೆ ಹ್ಯಾಂಡಲಿಗಿಂತ ಅಗಲವಾಗಿ ಎರಡೂ ಕಡೆ ಚಾಚಿಕೊಂಡಿರುತ್ತದೆ. ಹಿಂದಿನ ದೀಪ ಅದರೊಳಗೆ ಮುಚ್ಚಿಹೋಗಿರುತ್ತದೆ. ಕನ್ನಡಿ ಇದ್ದರೂ ಅದರಲ್ಲಿ ಕಾಣುವುದು ಹುಲ್ಲೇ. ಅಂಥವನು ತಿರುಗುವಾಗ ಹಿಂದೆ ನೋಡುವುದಿಲ್ಲ, ನೋಡಲಾರ. ಆದ್ದರಿಂದ ಅವನನ್ನು ದಾಟುವವನೇ ನೋಡಬೇಕು. ಒಂದು ಹಾರನ್ ಕೊಟ್ಟು, ಅವನ ತಲೆ ಅಲುಗಿದ್ದನ್ನು ಕಂಡು, ಅಗಲ ಜಾಗ ಬಿಟ್ಟು ದಾಟಬೇಕು. ‘ಅವನದೇ ತಪ್ಪು’ ಎಂದು ಆಮೇಲೆ ವಾದಿಸಿ ಗೆಲ್ಲಬಹುದು, ಆದರೆ ಯಾರ ಮುಂದೆ?

ಡಿಸೆಂಬರ್ ಬಂತೆಂದರೆ ನಾಗಮಂಗಲದ ಕಡೆ ರಸ್ತೆಯೇ ಕಣ. ರಾಗಿ, ಹುರುಳಿ, ಅವರೆ ಎಲ್ಲವೂ ಡಾಂಬರಿನ ಮೇಲೆ ಹರಡಿಕೊಂಡಿರುತ್ತವೆ. ಹೋಗಿ ಬರುವ ಗಾಡಿಗಳ ಚಕ್ರವೇ ರೋಣಗಲ್ಲು. ಕಣ ಮಾಡಿ ಸಾರಿಸುವ ಪದ್ಧತಿ ಹೋಯಿತು, ಎತ್ತು ಕಡಿಮೆಯಾದವು, ಕೂಲಿ ಆಳು ಸಿಗುವುದಿಲ್ಲ. ರೈತನ ಕಷ್ಟ ನನಗೂ ಗೊತ್ತು, ನಮ್ಮ ಮನೆಯಲ್ಲೂ ರಾಗಿ ಬೆಳೆಯುತ್ತೇವೆ. ಆದರೆ ಅದರ ಮೇಲೆ ಗಾಡಿ ಓಡಿಸುವವನ ಪಾಡು ಬೇರೆ. ಒಣಗಿದ ರಾಗಿ ಹುಲ್ಲಿನ ಮೇಲೆ ಬೈಕಿನ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಹಾಗೇ ಜಾರುತ್ತದೆ. ಹುಲ್ಲಿನ ಅಡಿಯಲ್ಲಿ ಉದುರಿದ ಕಾಳು ಇನ್ನೂ ಕೆಟ್ಟದ್ದು. ದೂರದಿಂದಲೇ ವೇಗ ಇಳಿಸಿಕೊಳ್ಳಬೇಕು. ಹುಲ್ಲಿನ ಮೇಲೆ ಬಂದ ಮೇಲೆ ಬ್ರೇಕೂ ಇಲ್ಲ, ಹ್ಯಾಂಡಲ್ ತಿರುಗಿಸುವುದೂ ಇಲ್ಲ, ಬೈಕು ನೆಟ್ಟಗೆ ಮೆಲ್ಲಗೆ ದಾಟಬೇಕು. ರಸ್ತೆಯ ಅರ್ಧಕ್ಕೆ ಮಾತ್ರ ಹರಡಿದ್ದರೆ ಎಲ್ಲರೂ ಖಾಲಿ ಇರುವ ಅರ್ಧಕ್ಕೆ ನುಗ್ಗುತ್ತಾರೆ, ಎರಡು ಕಡೆಯಿಂದಲೂ. ಎದುರುಬದುರಾಗುವುದು ಅಲ್ಲೇ.

ಕಾರಿನವರಿಗೆ ಹುರುಳಿ ಹೆಚ್ಚು ಅಪಾಯ. ಅದರ ಬಳ್ಳಿ ಆಕ್ಸಲ್ಲಿಗೆ, ಸೈಲೆನ್ಸರಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಕೊಳವೆಗೆ ಒಣ ಬಳ್ಳಿ ತಾಗಿ ಹೊಗೆಯಾಡಿ ಕಾರುಗಳು ಹೊತ್ತಿ ಉರಿದದ್ದುಂಟು. ಹುರುಳಿ ದಾಟಿದ ಮೇಲೆ ಕೆಳಗಿನಿಂದ ಪಟಪಟ ಸದ್ದು ಬಂದರೆ ಮುಂದೆ ಹೋಗಬೇಡಿ. ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಬಳ್ಳಿ ಎಳೆದು ಹಾಕಿ. ನಿಲ್ಲಿಸುವಾಗ ಇನ್ನೊಬ್ಬರ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಇದನ್ನು ಹೇಳಿಕೊಡುವಾಗ ಒಬ್ಬ ಹುಡುಗ ಕೇಳಿದ್ದ: ‘ಎಲ್ಎಲ್ಆರ್ ಪರೀಕ್ಷೇಲಿ ಇದನ್ನ ಕೇಳ್ತಾರಾ ಸಾ?’ ಕೇಳುವುದಿಲ್ಲ. ಟೆಸ್ಟಿನಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ತೆಗೆಸುತ್ತಾರೆ. ಕೆಎ-11 ಆಗಲಿ, ನಾಗಮಂಗಲದ ಕೆಎ-54 ಆಗಲಿ, ಯಾವ ನಂಬರ್ ಪ್ಲೇಟಿನವನಿಗೂ ಹುರುಳಿಯ ಮೇಲೆ ಪರೀಕ್ಷೆ ಇಲ್ಲ.

ಒಕ್ಕಣೆಯವರು ರಾತ್ರಿ ರಾಶಿಯ ಸುತ್ತ ಕಲ್ಲು ಇಡುತ್ತಾರೆ, ಗಾಡಿ ಹತ್ತದಿರಲಿ ಎಂದು. ರಾಶಿ ಮನೆಗೆ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಡಾಂಬರಿನ ಬಣ್ಣದ್ದೇ ಕಲ್ಲು. ಒಕ್ಕಣೆಯ ದಿನಗಳಲ್ಲಿ ಎಷ್ಟೋ ಬೆಳಗ್ಗೆ ನಾವು ಕಲಿಕೆ ಶುರುಮಾಡುವ ಮೊದಲು ಕಲ್ಲು ಎತ್ತಿ ಪಕ್ಕಕ್ಕೆ ಹಾಕುವ ಕೆಲಸ ಮಾಡಿದ್ದೇವೆ.

ಇನ್ನು ಕಬ್ಬು. ಪಾಂಡವಪುರ, ಕೆ.ಆರ್. ಪೇಟೆ ಎರಡೂ ಸಕ್ಕರೆ ಕಾರ್ಖಾನೆಯ ತಾಲ್ಲೂಕುಗಳು. ಅರೆಯುವ ಕಾಲದಲ್ಲಿ ರಾತ್ರಿಯ ರಸ್ತೆಯಲ್ಲಿ ಟ್ರ್ಯಾಕ್ಟರೇ ಟ್ರ್ಯಾಕ್ಟರು. ಟ್ರೈಲರಿನ ಹಿಂದಕ್ಕೆ ಕಬ್ಬಿನ ಜಲ್ಲೆಗಳು ಚಾಚಿರುತ್ತವೆ, ಕೆಂಪು ದೀಪ ಇರುವುದಿಲ್ಲ, ಇದ್ದರೂ ಜಲ್ಲೆಯ ಹಿಂದೆ ಅಡಗಿರುತ್ತದೆ. ಎದುರಿನಿಂದ ಹೈಬೀಮಿನಲ್ಲಿ ಬಂದವನು ಕಣ್ಣು ಕುಕ್ಕಿ ಹೋದ ಕೂಡಲೇ ಒಂದೆರಡು ಸೆಕೆಂಡು ನಿಮಗೆ ಏನೂ ಕಾಣುವುದಿಲ್ಲ. ಆ ಸೆಕೆಂಡುಗಳಲ್ಲೇ ಟ್ರೈಲರ್ ಮುಂದೆ ಇರುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ. ಹಾಗಾದರೆ ಕುರುಡಾಗಿ ಎಷ್ಟು ದೂರ ಓಡಿದಂತಾಯಿತು, ಲೆಕ್ಕ ಹಾಕಿ. ಎದುರಿನ ದೀಪ ಕಣ್ಣಿಗೆ ಹೊಡೆದಾಗ ಅದನ್ನೇ ದಿಟ್ಟಿಸಬಾರದು, ನೋಟವನ್ನು ರಸ್ತೆಯ ಎಡ ಅಂಚಿಗೆ ಇಳಿಸಿ ವೇಗ ತಗ್ಗಿಸಬೇಕು. ಅವನು ಡಿಮ್ ಮಾಡಲಿಲ್ಲವೆಂದು ನಾವೂ ಹೈಬೀಮ್ ಹಾಕಿ ಸೇಡು ತೀರಿಸಿಕೊಂಡರೆ ಕುರುಡರು ಇಬ್ಬರಾದರು, ಅಷ್ಟೇ. ಟ್ರ್ಯಾಕ್ಟರನ್ನು ದಾಟುವಾಗ ಇನ್ನೊಂದು ನೆನಪಿರಲಿ. ಹಲವರು ಒಂದರ ಹಿಂದೆ ಇನ್ನೊಂದು ಟ್ರೈಲರ್ ಕಟ್ಟಿರುತ್ತಾರೆ. ಒಂದೇ ಎಂದುಕೊಂಡು ಹೊರಟವನು ಅರ್ಧಕ್ಕೆ ಬಂದಾಗ ಎರಡನೆಯದು ಕಾಣುತ್ತದೆ, ಎದುರಿಗೆ ಬಸ್ಸೂ ಕಾಣುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಲಿಸುವುದೆಂದರೆ ನನಗೆ ಸಂತೋಷ. ಕೋಟೆಯ ಬಾಗಿಲುಗಳಷ್ಟು ಒಳ್ಳೆಯ ಮೇಷ್ಟ್ರು ಇಲ್ಲ. ಬಾಗಿಲಿನ ಕಲ್ಲನ್ನು ನೋಡುತ್ತ ಹೋದವನ ಕಾರು ಕಲ್ಲಿನ ಕಡೆಗೇ ಎಳೆಯುತ್ತದೆ, ನಡುವಿನ ಬಯಲನ್ನು ನೋಡಿದವನ ಕಾರು ನಡುವೆಯೇ ಹೋಗುತ್ತದೆ. ಕಣ್ಣು ಎಲ್ಲೋ ಕೈಯೂ ಅಲ್ಲೇ. ಗುಂಡಿ ತಪ್ಪಿಸಲು ಹೋಗಿ ಸರಿಯಾಗಿ ಗುಂಡಿಗೇ ಇಳಿಸುವವರಿಗೆ ಆಗುವುದೂ ಇದೇ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ತೋರಿಸಿ ಹುಡುಗರಿಗೆ ಕೇಳುತ್ತಿದ್ದೆ, ಇದರ ಮೇಲೆ ಎದುರುಬದುರು ಬಂದವರು ಏನು ಮಾಡುತ್ತಿದ್ದಿರಬೇಕು ಎಂದು. ‘ಒಬ್ಬ ಕಾಯ್ತಿದ್ದ’ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳುವುದಕ್ಕೆ ಎಲ್ಲರಿಗೂ ಬರುತ್ತದೆ.

ಕಾಯುವುದು ಎಷ್ಟು ಮುಖ್ಯ ಎಂಬುದು ನಾಲೆ ಏರಿಯ ಮೇಲೆ ಗೊತ್ತಾಗುತ್ತದೆ. ಕೆಆರ್‌ಎಸ್‌ನ ಎಡದಂಡೆಯಿಂದ ಹೊರಟು, ಹುಲಿಕೆರೆಯ ಸುರಂಗ ಹಾದು ಮಂಡ್ಯ ಸೀಮೆಗೆ ನೀರು ತಂದ ವಿಶ್ವೇಶ್ವರಯ್ಯ ನಾಲೆಗೆ ಹಿಂದೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ನಮ್ಮ ಭತ್ತ, ಕಬ್ಬು, ಮನೆ, ಮದುವೆ ಎಲ್ಲ ಅದರ ಋಣ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಆ ನಾಲೆಗೆ ಉರುಳಿ 30 ಜನ ತೀರಿಹೋದರು. ಶಾಲೆ ಮುಗಿಸಿ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಮಂಡ್ಯದ ನಟ ಅಂಬರೀಶ್ ತೀರಿಕೊಂಡ ಸುದ್ದಿ ಬಂತು. ಮಂಡ್ಯದವರಿಗೆ ಆ ದಿನ ಯಾರಿಗಾಗಿ ಅಳಬೇಕೆಂದು ತಿಳಿಯಲಿಲ್ಲ. ಮರುವಾರ ಕಾರು ಕಲಿಯಲು ಬಂದವರು ‘ನಾಲೆ ರೋಡಿಗೆ ಬೇಡಿ ಸಾ’ ಎಂದರು. ಸ್ವಲ್ಪ ದಿನ ಹೋದೆವು ಬೇರೆ ದಾರಿಯಲ್ಲಿ. ಆದರೆ ಅವರ ಊರುಗಳಿರುವುದು ನಾಲೆಯ ಪಕ್ಕದಲ್ಲೇ, ಬೇರೆ ದಾರಿಯಲ್ಲಿ ಎಷ್ಟು ದಿನ ಹೋಗುವುದು? 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಹೆಣ್ಣುಮಕ್ಕಳು ಹೋದರು. ಅದೇ ವರ್ಷ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಇನ್ನೊಂದು ಕಾರಿನಲ್ಲಿ ಐವರು. ತಡೆಗೋಡೆ ಕಟ್ಟಬೇಕಾದದ್ದು ಸರ್ಕಾರದ ಕೆಲಸ, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಗೋಡೆ ಬರುವ ತನಕ ಸ್ಟೀರಿಂಗ್ ನಮ್ಮ ಕೈಯಲ್ಲಿದೆ.

ಏರಿಯ ರಸ್ತೆಯಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು ಒಂದೇ. ಎದುರಿಗೆ ಗಾಡಿ ಬರುತ್ತದೆ, ಇವನು ಸೈಡ್ ಕೊಡಲು ಎಡ ಚಕ್ರಗಳನ್ನು ಮಣ್ಣಿಗೆ ಇಳಿಸುತ್ತಾನೆ. ಡಾಂಬರಿಗೂ ಮಣ್ಣಿಗೂ ಗೇಣುದ್ದದ ಇಳುಕಲು. ಇಳಿದ ಕೂಡಲೇ ಗಾಡಿ ಎಡಕ್ಕೆ ಎಳೆಯುತ್ತದೆ, ಹೆದರಿ ಬಲಕ್ಕೆ ಜೋರಾಗಿ ತಿರುಗಿಸುತ್ತಾನೆ. ಟೈರು ಡಾಂಬರಿನ ಅಂಚಿಗೆ ಉಜ್ಜುತ್ತ ಹತ್ತುವುದಿಲ್ಲ, ಇನ್ನೂ ತಿರುಗಿಸುತ್ತಾನೆ, ಆಗ ಒಮ್ಮೆಲೇ ಹತ್ತಿ ಗಾಡಿ ಎದುರು ದಂಡೆಗೆ ಹಾರುತ್ತದೆ. ಎದುರು ದಂಡೆಯಲ್ಲಿ ನಾಲೆ. ಚಕ್ರ ಇಳಿದರೆ ಇಳಿಯಲಿ. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಗಟ್ಟಿ ತುಳಿಯದೆ ವೇಗ ತಾನಾಗಿ ಇಳಿಯಲು ಬಿಡಬೇಕು. ನಡಿಗೆಯ ವೇಗಕ್ಕೆ ಬಂದ ಮೇಲೆ, ಅಂಚು ತಗ್ಗಾದ ಜಾಗದಲ್ಲಿ ಸ್ವಲ್ಪವೇ ತಿರುಗಿಸಿ ಹತ್ತಿಸಬೇಕು. ಇದಕ್ಕಿಂತ ಒಳ್ಳೆಯದು ಇಳಿಸದಿರುವುದೇ. ನಾಲೆಯ ಕಡೆ ಇರುವವನು ಡಾಂಬರು ಬಿಡಬಾರದು, ಗದ್ದೆಯ ಕಡೆ ಇರುವವನು ನಿಂತು ದಾರಿ ಕೊಡಬೇಕು. ಮಳೆ ಬಿದ್ದ ಮಾರನೆಯ ದಿನ ಏರಿಯ ಮಣ್ಣನ್ನು ನಂಬಲೇಬಾರದು, ಮೇಲೆ ಗಟ್ಟಿ ಕಂಡರೂ ಒಳಗೆ ಕುಸಿದಿರುತ್ತದೆ.

ಬಿದ್ದೇಬಿಟ್ಟರೆ ಏನು ಮಾಡಬೇಕೆಂದೂ ನಾನು ಕಲಿಸುತ್ತಿದ್ದೆ, ಅಪಶಕುನದ ಮಾತೆಂದು ಕೆಲವರು ಮುಖ ಸಿಂಡರಿಸಿದರೂ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ, ಅದರ ಜೊತೆ ಗುದ್ದಾಡಿ ಹೊತ್ತು ಕಳೆಯಬಾರದು. ಮೊದಲು ಸೀಟ್ ಬೆಲ್ಟ್, ತಕ್ಷಣ ಕಿಟಕಿ. ಪವರ್ ವಿಂಡೋ ನೀರಿಗೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಅದು ಕೈಕೊಟ್ಟರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ನಡುವಿಗಲ್ಲ. ಮುಂದಿನ ಗಾಜು ಒಡೆಯುವುದಿಲ್ಲ. ಮಕ್ಕಳನ್ನು ಮೊದಲು ಹೊರಗೆ ತಳ್ಳಬೇಕು. ಫೋನ್ ಮಾಡುವುದು ಆಮೇಲೆ. ಒಂದು ಸಣ್ಣ ಸುತ್ತಿಗೆ ಡ್ರೈವರ್ ಸೀಟಿನ ಕೈಗೆಟುಕುವಲ್ಲಿ ಇರಲಿ, ಡಿಕ್ಕಿಯಲ್ಲಿ ಅಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ಬೆಂಗಳೂರಿಗೆ ಎಷ್ಟು ಬೇಗ ಮುಟ್ಟಿದೆವೆಂದು ಫೋನ್ ಮಾಡಿ ಹೆಮ್ಮೆಯಿಂದ ಹೇಳಿದರು. ಅಲ್ಲಿಯವರೆಗೆ 60 ದಾಟದ ಜನ. ಎತ್ತಿನ ಗಾಡಿಗೆ ದಾರಿ ಬಿಡುತ್ತ ಬೆಳೆದ ಅಭ್ಯಾಸಗಳೆಲ್ಲ ಅವರ ಜೊತೆ ಆ ರಸ್ತೆಗೂ ಹೋದವು. ಇಳಿಯುವ ದಾರಿ ತಪ್ಪಿದರೆ ರಿವರ್ಸ್ ತೆಗೆಯುವುದು, ನೆಂಟರಿಗೆ ಫೋನ್ ಮಾಡಲು ಅಂಚಿನಲ್ಲಿ ನಿಲ್ಲಿಸುವುದು, ಬಲ ಲೇನಿನಲ್ಲಿ ಮೆರವಣಿಗೆ ಹೋಗುವುದು. 100ರ ವೇಗದಲ್ಲಿ ಸೆಕೆಂಡಿಗೆ 28 ಮೀಟರ್. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. 50ರಲ್ಲಿ ನಿಲ್ಲುವ ಅಂದಾಜು ಇಟ್ಟುಕೊಂಡವನು 100ರಲ್ಲಿ ನಿಲ್ಲಲಾರ. ದಾರಿ ತಪ್ಪಿದರೆ ಮುಂದಿನ ಊರಿಗೆ ಹೋಗಿ ತಿರುಗಿ ಬನ್ನಿ, ಪೆಟ್ರೋಲು ನೂರು ರೂಪಾಯಿ ಹೆಚ್ಚಾದೀತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು, ಆಮೇಲೆ ಕ್ಯಾಮೆರಾಗಳು ಬಂದವು. ಕ್ಯಾಮೆರಾ ಕಂಡಲ್ಲಿ ನಮ್ಮವರು ಸಜ್ಜನರಾದರು. ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡ್ ಬರುವುದು ಮಾತ್ರ ಶ್ರೀರಂಗಪಟ್ಟಣದ ಕಡೆ ಇವತ್ತಿಗೂ ನಿಂತಿಲ್ಲ. ‘ಇಲ್ಲೇ ಮುಂದೆ ಸಾ, ಒಂದ್ ಫರ್ಲಾಂಗು’ ಅನ್ನುತ್ತಾರೆ. ಆ ಒಂದು ಫರ್ಲಾಂಗು ಬಲಗಡೆ ಮಾತ್ರ ನೋಡಿಕೊಂಡು ಬರುವವನ ಎದುರಿಗೆ ಹೋಗುವ ಫರ್ಲಾಂಗು.

ನಾನೀಗ ಕಲಿಸುವುದನ್ನು ಬಿಟ್ಟಿದ್ದೇನೆ. ಎಡಗಡೆ ಸೀಟಿನಲ್ಲಿ ಕೂತರೆ ಈಗಲೂ ಕಾಲು ಬ್ರೇಕ್ ಹುಡುಕುತ್ತದೆ, ಮಗ ನಗುತ್ತಾನೆ. ಕಬ್ಬಿನ ಕಟಾವು, ರಾಗಿಯ ಒಕ್ಕಣೆ ಎರಡೂ ಒಟ್ಟಿಗೆ ಬರುತ್ತವೆ. ಟ್ರ್ಯಾಕ್ಟರ್ ಇಟ್ಟುಕೊಂಡ ಅಣ್ಣತಮ್ಮಂದಿರೇ, ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿ, ಜಲ್ಲೆಯ ತುದಿಗೂ ಒಂದು ಕಟ್ಟಿ, ಅದಕ್ಕೆ ದುಡ್ಡೇನೂ ಹೆಚ್ಚಿಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡುವುದನ್ನು ಬಿಡಿ, ಬಿಡಲಾಗದವರು ರಾಶಿ ಎತ್ತಿದ ದಿನವೇ ಕಲ್ಲನ್ನೂ ಎತ್ತಿ ಚರಂಡಿಯಾಚೆ ಹಾಕಿ.